ಸಂಬಳವಿಲ್ಲದ ಮೇಷ್ಟ್ರುಗಳು

ಮಕ್ಕಳ ಕಲಿಕೆಗೆಂದು ಬರೆದ ಮುಕ್ತ ತಂತ್ರಾಂಶಗಳನ್ನು ಬೆಳೆಸಿದವರಲ್ಲಿ ಎರಡು ಬಗೆಯ ಜನರಿದ್ದಾರೆ. ಕೋಡ್ ಬರೆದ ವಿದ್ಯಾರ್ಥಿಗಳು ಒಂದು ಬಗೆ. ಆ ಕೋಡನ್ನು ಓದಿ, ತಪ್ಪು ತೋರಿಸಿ, ತಿದ್ದಿಸಿ, ಕೊನೆಗೊಮ್ಮೆ ಒಪ್ಪಿ ಯೋಜನೆಗೆ ಸೇರಿಸಿಕೊಂಡ ಮೆಂಟರುಗಳು ಇನ್ನೊಂದು ಬಗೆ. ಮೊದಲಿನವರ ಲೆಕ್ಕ ವರ್ಷವರ್ಷವೂ ಪ್ರಕಟವಾಗುತ್ತದೆ: ಎಷ್ಟು ಮಂದಿ, ಯಾವ ದೇಶದವರು, ಯಾವ ಕಾಲೇಜಿನವರು. ಎರಡನೆಯವರು ಕಚೇರಿ ಮುಗಿಸಿ ಬಂದು, ಊಟವಾದ ಮೇಲೆ ಕೂತು ಮಾಡಿದ ಕೆಲಸಕ್ಕೆ ಹೆಚ್ಚಿನ ಕಡೆ ಲೆಕ್ಕವೇ ಇಲ್ಲ. ಈ ಪದ್ಧತಿ ಎಲ್ಲಿ ಬೆಳೆಯಿತು, ಎಲ್ಲಿ ಸೊರಗಿತು ಎಂದು ತಿಳಿಯಬೇಕಾದರೆ ಮೆಂಟರುಗಳ ಬಿಡುವಿನ ವೇಳೆಯ ಕಡೆಗೇ ನೋಡಬೇಕಾಗುತ್ತದೆ.

ಇದರ ಬೇರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಊರಿನಲ್ಲಿದೆ. ಅಲ್ಲಿನ ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಕಂಪನಿಯಲ್ಲಿ ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಸೀಮೋರ್ ಪ್ಯಾಪರ್ಟ್ 1967ರಲ್ಲಿ ಲೋಗೋ ಎಂಬ ಕಂಪ್ಯೂಟರ್ ಭಾಷೆಯನ್ನು ಮಕ್ಕಳಿಗಾಗಿಯೇ ರೂಪಿಸಿದರು. ಪರದೆಯ ಮೇಲಿನ ಆಮೆಗೆ ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂದು ಹೇಳುತ್ತಾ ಮಗು ಚೌಕ, ತ್ರಿಕೋನ, ನಕ್ಷತ್ರಗಳನ್ನು ಬಿಡಿಸುತ್ತದೆ. ಚೌಕ ಸೊಟ್ಟಗಾದರೆ ಮಾರ್ಕು ಕಳೆಯುವವರಿಲ್ಲ. ಎಲ್ಲಿ ತಪ್ಪಿತೆಂದು ಹುಡುಕಿ ಸರಿಪಡಿಸುವುದೇ ಪಾಠ. 1980ರಲ್ಲಿ ಬಂದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಪ್ಯಾಪರ್ಟ್ ಈ ವಿಚಾರವನ್ನು ವಿಸ್ತಾರವಾಗಿ ಮಂಡಿಸಿದರು. ಅದೇ ಪ್ಯಾಪರ್ಟ್ ಸಹನಿರ್ದೇಶಕರಾಗಿದ್ದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೂಡ ಕೆಲಸಕ್ಕಿದ್ದರು. ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದ ತಂತ್ರಾಂಶಗಳನ್ನು ಕಟ್ಟುವ ಗ್ನು ಯೋಜನೆಯನ್ನು ಅವರು ಘೋಷಿಸಿದ್ದು 1983ರಲ್ಲಿ. ಮಗು ತಪ್ಪಿನಿಂದ ಕಲಿಯಬೇಕು ಎಂಬ ವಿಚಾರವೂ, ತಂತ್ರಾಂಶದ ಒಳಗನ್ನು ಯಾರಿಂದಲೂ ಮುಚ್ಚಿಡಬಾರದು ಎಂಬ ಹಠವೂ ಒಂದೇ ಕಟ್ಟಡದಲ್ಲಿ ಬೆಳೆದವು. ಅವೆರಡೂ ಒಂದೇ ಯೋಜನೆಯಲ್ಲಿ ಕೂಡಿಬರಲು ಮಾತ್ರ ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲ್ ಬಿಡುಗಡೆ ಮಾಡಿದ ಬಳಿಕ ಮನೆಯ ಕಂಪ್ಯೂಟರುಗಳಿಗೂ ಮುಕ್ತ ತಂತ್ರಾಂಶ ಬಂತು. ಆದರೆ ಮಕ್ಕಳು ಆಡಿ ಕಲಿಯುವಂಥದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. 2000ದಿಂದ 2002ರ ನಡುವೆ ಆ ಕೊರತೆ ಒಮ್ಮೆಲೇ ತುಂಬತೊಡಗಿತು. ಫ್ರಾನ್ಸಿನ ಬ್ರೂನೋ ಕುದೋಯಿನ್ 2000ದಲ್ಲಿ ಜಿಕಾಂಪ್ರಿ ಶುರುಮಾಡಿದರು. ಎಣಿಕೆ, ಅಕ್ಷರ, ಮೌಸ್ ಹಿಡಿಯುವ ಅಭ್ಯಾಸದಿಂದ ಹಿಡಿದು ಚದುರಂಗದವರೆಗೆ ಹತ್ತಾರು ಆಟಗಳ ಗೊಂಚಲು ಅದು. 2001ರಲ್ಲಿ, ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಬಳಗ ತನ್ನ ಶಿಕ್ಷಣ ವಿಭಾಗವನ್ನು ತೆರೆಯಿತು. ನಕ್ಷತ್ರಲೋಕದ ಕೆಸ್ಟಾರ್ಸ್, ಮೂಲಧಾತುಗಳ ಕಾಲ್ಜಿಯಂ, ಲೋಗೋ ಮಾದರಿಯ ಕೆಟರ್ಟಲ್ ಆ ವಿಭಾಗದಲ್ಲಿ ಬೆಳೆದವು. 2002ರಲ್ಲಿ ಬಿಲ್ ಕೆಂಡ್ರಿಕ್ ಮಕ್ಕಳ ಚಿತ್ರಕಲೆಗೆ ಟಕ್ಸ್ ಪೇಂಟ್ ಬರೆದರು. ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಾಸ್ ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಮೂಡಲ್‌ನ ಮೊದಲ ಆವೃತ್ತಿಯನ್ನು ಹೊರತಂದರು. ಇವತ್ತು ಕರ್ನಾಟಕದ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಒಪ್ಪಿಸುವುದು ಅದೇ ಮೂಡಲ್‌ನಲ್ಲಿ.

ಈ ಯೋಜನೆಗಳಲ್ಲಿ ಹೆಚ್ಚಿನವಕ್ಕೆ ಆಗ ಕಚೇರಿಯಿರಲಿಲ್ಲ, ಸಂಬಳದ ಸಿಬ್ಬಂದಿ ಇರಲಿಲ್ಲ. ಹೊಸಬರಿಗೆ ಕೆಲಸ ಕಲಿಸುವ ಬಗೆ ಒಂದೇ: ಅವರು ಕಳಿಸಿದ ಪ್ಯಾಚನ್ನು ಓದುವುದು. ಪ್ಯಾಚ್ ಎಂದರೆ ಬದಲಾದ ಸಾಲುಗಳಷ್ಟೇ ಇರುವ ಪಠ್ಯ. ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ. ಅನುಭವಿ ಅದನ್ನು ಉದ್ಧರಿಸಿಕೊಂಡು, ಒಂದೊಂದು ಸಾಲಿನ ಕೆಳಗೂ ತನ್ನ ಮಾತು ಬರೆದು ವಾಪಸ್ ಕಳಿಸುತ್ತಿದ್ದ. ಮೂರು ಸಲ, ನಾಲ್ಕು ಸಲ ಓಡಾಡಿದ ಮೇಲೆ ಪ್ಯಾಚ್ ಒಳಗೆ ಸೇರುತ್ತಿತ್ತು, ಅಥವಾ ಕಳಿಸಿದವನು ಬೇಸತ್ತು ಕಾಣೆಯಾಗುತ್ತಿದ್ದ. ಎರಡನೆಯದೇ ಹೆಚ್ಚು.

ಶೈಕ್ಷಣಿಕ ತಂತ್ರಾಂಶದ ವಿಮರ್ಶೆಯಲ್ಲಿ ಬೇರೆ ಕಡೆ ಇಲ್ಲದ ಒಂದು ಕಷ್ಟವಿದೆ. ಕೋಡ್ ಓಡಿದರೆ ಸಾಲದು, ಅದು ಮಗುವಿಗೆ ಒಗ್ಗಬೇಕು. ಎರಡನೇ ತರಗತಿಯವರಿಗೆ ಕಳೆಯುವ ಲೆಕ್ಕದ ಆಟವನ್ನು ವಿದ್ಯಾರ್ಥಿಯೊಬ್ಬ ಬರೆದನೆಂದುಕೊಳ್ಳಿ. ಎರಡು ಸಂಖ್ಯೆಗಳನ್ನು ಕಂಪ್ಯೂಟರ್ ತನಗೆ ತೋಚಿದಂತೆ ಆರಿಸುತ್ತದೆ. ಹತ್ತು ಸಲ ಎಲ್ಲವೂ ಸರಿ. ಹನ್ನೊಂದನೇ ಸಲ 3ರಲ್ಲಿ 8 ಕಳೆಯಿರಿ ಎಂಬ ಪ್ರಶ್ನೆ ಎದುರಾಗುತ್ತದೆ. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಪಾಠದಲ್ಲಿದೆ. ಇನ್ನೊಂದು ಉದಾಹರಣೆ: ‘ನಿನ್ನ ಬಳಿ ಉಳಿದಿರುವ ಹಣ್ಣು ಇಷ್ಟು’ ಎನ್ನುವ ವಾಕ್ಯವನ್ನು ಇಂಗ್ಲಿಷಿನ ತುಂಡುಗಳನ್ನು ಅಂಟಿಸಿ ಕಟ್ಟಿದ್ದರೆ, ಕನ್ನಡಕ್ಕೋ ಟರ್ಕಿಷ್‌ಗೋ ಅನುವಾದಿಸುವವರಿಗೆ ಪದಗಳನ್ನು ತಮ್ಮ ಭಾಷೆಯ ಕ್ರಮಕ್ಕೆ ಹೊಂದಿಸಲು ಸಾಧ್ಯವೇ ಆಗದು. ಇಂಥವು ಹೊಸಬರ ಕಣ್ಣಿಗೆ ಬೀಳುವುದಿಲ್ಲ. ತರಗತಿಯಲ್ಲಿ ಒಂದಷ್ಟು ದಿನ ಕಳೆದವರಿಗೆ, ಇಲ್ಲವೇ ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ಬೇಗ ಕಾಣುತ್ತವೆ. ಈ ಕ್ಷೇತ್ರದ ಮೆಂಟರುಗಳಲ್ಲಿ ಶಿಕ್ಷಕರೂ ಎಳೆಯ ಮಕ್ಕಳ ತಂದೆತಾಯಂದಿರೂ ಸೇರಿಕೊಂಡದ್ದು ಬರೀ ಆಕಸ್ಮಿಕವಲ್ಲ.

ಬಿಡುವಿನ ಈ ಕೆಲಸಕ್ಕೆ ಕ್ಯಾಲೆಂಡರು, ಅರ್ಜಿ ನಮೂನೆ, ಸ್ಟೈಪೆಂಡು ಬಂದದ್ದು 2005ರಲ್ಲಿ. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಕೋಡ್ ಬರೆಯುವುದನ್ನು ಬಿಟ್ಟು ಹೋಟೆಲಿನಲ್ಲಿ ಬರ್ಗರ್ ಬೇಯಿಸುವಂತಾಗಬಾರದು ಎಂದು ಗೂಗಲ್ ಕಂಪನಿ ‘ಸಮ್ಮರ್ ಆಫ್ ಕೋಡ್’ ಘೋಷಿಸಿತು. ಮೊದಲು 200 ಮಂದಿಗೆ ಎಂದುಕೊಂಡಿದ್ದನ್ನು 400ಕ್ಕೆ ಏರಿಸಬೇಕಾಯಿತು. ಬಂದ ಅರ್ಜಿಗಳು 8,700ಕ್ಕೂ ಹೆಚ್ಚು. ಕೆಲಸ ಮುಗಿಸಿದ ವಿದ್ಯಾರ್ಥಿಗೆ 4,500 ಡಾಲರ್. ಆತನನ್ನು ಬೆಳೆಸಿದ ಯೋಜನೆಗೆ ತಲಾ 500 ಡಾಲರ್. ಅದೂ ಮೆಂಟರಿನ ಕೈಗಲ್ಲ, ಸಂಸ್ಥೆಯ ಹುಂಡಿಗೆ. ವಿದ್ಯಾರ್ಥಿಗೆ ಹಣ, ಮೆಂಟರಿಗೆ ಕೃತಜ್ಞತೆ ಎಂಬ ಏರ್ಪಾಡು ಆವತ್ತೇ ನೆಲೆಯೂರಿತು. ಅದನ್ನು ಪ್ರಶ್ನಿಸಿದವರು ಕಡಿಮೆ. ದುಡ್ಡು ಬಂದರೆ ಸ್ವಯಂಸೇವೆಯ ಹುರುಪು ಹೋಗುತ್ತದೆ ಎಂಬ ಅಂಜಿಕೆ ಅನೇಕ ಬಳಗಗಳಲ್ಲಿ ಮೊದಲಿನಿಂದಲೂ ಇತ್ತು.

ಆಯ್ಕೆಯಾಗದವರ ಗತಿಯೇನು ಎಂಬ ಪ್ರಶ್ನೆ ಮರುವರ್ಷವೇ ಎದ್ದಿತು. ಕೆಡಿಇ ಬಳಗ 2006ರಲ್ಲಿ ‘ಸೀಸನ್ ಆಫ್ ಕೆಡಿಇ’ ಆರಂಭಿಸಿತು. ಇಲ್ಲಿ ಸ್ಟೈಪೆಂಡಿಲ್ಲ, ಮೆಂಟರಿದ್ದಾರೆ. ಅದೇ ವರ್ಷ ಇನ್ನೊಂದು ಡೆಸ್ಕ್‌ಟಾಪ್ ಯೋಜನೆಯಾದ ಗ್ನೋಮ್ ಬಳಗಕ್ಕೆ ಬಂದ ಸುಮಾರು 180 ಅರ್ಜಿಗಳಲ್ಲಿ ಒಬ್ಬ ಹೆಣ್ಣುಮಗಳ ಅರ್ಜಿಯೂ ಇರಲಿಲ್ಲ. ಮಹಿಳೆಯರಿಗೆಂದೇ ಪ್ರತ್ಯೇಕ ಬೇಸಿಗೆ ಕಾರ್ಯಕ್ರಮ ಮಾಡುತ್ತೇವೆ ಎಂದು ಸಾರಿದ ಕೂಡಲೇ ನೂರಕ್ಕೂ ಹೆಚ್ಚು ಅರ್ಜಿ ಬಂದವು. ಆಸಕ್ತಿಯೇನೋ ಇತ್ತು, ಕರೆಯುವವರಿರಲಿಲ್ಲ. 2010ರಲ್ಲಿ ಮತ್ತೆ ಚಾಲನೆ ಪಡೆದ ಆ ಕಾರ್ಯಕ್ರಮವೇ ಮುಂದೆ ಔಟ್‌ರೀಚಿ ಎಂಬ ಹೆಸರಿನಲ್ಲಿ ಹತ್ತಾರು ಮುಕ್ತ ಯೋಜನೆಗಳಿಗೆ ಹರಡಿಕೊಂಡಿತು.

ಪ್ಯಾಪರ್ಟ್‌ರ ವಿಚಾರವೂ ಮುಕ್ತ ತಂತ್ರಾಂಶವೂ ನೇರವಾಗಿ ಕೂಡಿದ್ದು ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆಯಲ್ಲಿ. ಎಂಐಟಿ ಮೀಡಿಯಾ ಲ್ಯಾಬಿನ ನಿಕೊಲಸ್ ನೆಗ್ರೊಪಾಂಟೆ 2005ರ ಜನವರಿಯಲ್ಲಿ ದಾವೋಸ್‌ನಲ್ಲಿ 100 ಡಾಲರ್ ಲ್ಯಾಪ್‌ಟಾಪಿನ ಕನಸನ್ನು ಮುಂದಿಟ್ಟರು. 2007ರ ಕೊನೆಗೆ ಕಾರ್ಖಾನೆಯಿಂದ ಹೊರಬಂದ ಎಕ್ಸ್‌ಒ ಎಂಬ ಹಸಿರು-ಬಿಳಿ ಯಂತ್ರಕ್ಕೆ ಅಷ್ಟರಲ್ಲಿ ಬೆಲೆ ಹೆಚ್ಚೂಕಡಿಮೆ ಇಮ್ಮಡಿಯಾಗಿತ್ತು. ಅದರಲ್ಲಿದ್ದ ತಂತ್ರಾಂಶದ ಹೆಸರು ಷುಗರ್. ಹೆಚ್ಚಿನ ಭಾಗವನ್ನು ಪೈಥಾನ್ ಭಾಷೆಯಲ್ಲಿ ಬರೆಯಲಾಗಿತ್ತು. ಫೈಲು, ಫೋಲ್ಡರುಗಳ ಬದಲು ಮಗು ಮಾಡಿದ್ದೆಲ್ಲ ದಿನಚರಿಯೊಂದರಲ್ಲಿ ತಾನಾಗಿ ದಾಖಲಾಗುತ್ತಿತ್ತು. ಆಡುತ್ತಿರುವ ಆಟದ ಸೋರ್ಸ್ ಕೋಡನ್ನು ಅಲ್ಲೇ ತೆರೆದು ನೋಡುವ ಅನುಕೂಲ ಕೀಲಿಮಣೆಯಲ್ಲೇ ಇತ್ತು. ಬಳಸುವ ಮಗುವೇ ಒಂದು ದಿನ ತಿದ್ದುವ ಮಗುವಾಗಲಿ ಎಂಬುದು ವಿನ್ಯಾಸಕಾರರ ಆಸೆ.

ಯಂತ್ರದ ಮೇಲೆ ವಿಂಡೋಸ್ ಕೂಡ ಓಡಲಿ ಎಂಬ ದಿಕ್ಕಿಗೆ ಯೋಜನೆ ಹೊರಳತೊಡಗಿದಾಗ ತಂತ್ರಾಂಶದ ಹೊಣೆ ಹೊತ್ತಿದ್ದ ವಾಲ್ಟರ್ ಬೆಂಡರ್ ಹೊರಬಂದು, 2008ರ ಮೇ ತಿಂಗಳಲ್ಲಿ ಷುಗರ್ ಲ್ಯಾಬ್ಸ್ ಸ್ಥಾಪಿಸಿದರು. ಮರುವರ್ಷವೇ ಅದು ಸಮ್ಮರ್ ಆಫ್ ಕೋಡ್‌ಗೆ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. 2009ರಲ್ಲೇ ಅಮೆರಿಕದ ರೊಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ನಾಲ್ಕನೇ ತರಗತಿಯ ಗಣಿತಕ್ಕೆ ಎಕ್ಸ್‌ಒ ಆಟಗಳನ್ನು ಬರೆಯುವುದೇ ಒಂದು ಕೋರ್ಸ್ ಆಯಿತು. ಕಾಲೇಜು ಇಂಥ ಕೆಲಸವನ್ನು ಪಠ್ಯಕ್ರಮದೊಳಗೆ ತಂದುಕೊಂಡ ಮೊದಲ ಪ್ರಯತ್ನಗಳಲ್ಲಿ ಇದು ಒಂದು. ಅಲ್ಲಿ ಮೆಂಟರಿಗೆ ಸಂಬಳವಿತ್ತು, ಅಧ್ಯಾಪಕನಾಗಿ.

ಬಳಸುವ ಮಗು ತಿದ್ದುವ ಮಗುವಾದದ್ದು ಎಲ್ಲಕ್ಕಿಂತ ಮಿಗಿಲಾಗಿ ಉರುಗ್ವೆಯಲ್ಲಿ. ಆ ಪುಟ್ಟ ದೇಶ ‘ಪ್ಲಾನ್ ಸೆಯ್ಬಾಲ್’ ಎಂಬ ಯೋಜನೆಯಡಿ 2007ರ ಮೇ ತಿಂಗಳಲ್ಲಿ ವಿಲ್ಲಾ ಕಾರ್ದಾಲ್ ಎಂಬ ಹಳ್ಳಿಯ ಶಾಲೆಯಿಂದ ಶುರುಮಾಡಿ, 2009ರ ಕೊನೆಗೆ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಲ್ಯಾಪ್‌ಟಾಪ್ ತಲುಪಿಸಿತು, 3.5 ಲಕ್ಷಕ್ಕೂ ಹೆಚ್ಚು ಯಂತ್ರಗಳು. ಸರ್ಕಾರದ ಆಚೆ ‘ಸೆಯ್ಬಾಲ್‌ಜ್ಯಾಮ್’ ಎಂಬ ಸ್ವಯಂಸೇವಕರ ಗುಂಪು ಹುಟ್ಟಿಕೊಂಡಿತು. ಪ್ರೋಗ್ರಾಮರುಗಳು, ವಿಶ್ವವಿದ್ಯಾಲಯದ ಹುಡುಗರು, ಮೇಷ್ಟ್ರುಗಳು ಸೇರಿ ಮಕ್ಕಳ ಯಂತ್ರಗಳಿಗೆ ಆಟ-ಪಾಠ ಬರೆದರು. ಐದಾರು ವರ್ಷ ಕಳೆಯುವಷ್ಟರಲ್ಲಿ, ಶಾಲೆಯಲ್ಲಿ ಎಕ್ಸ್‌ಒ ಪಡೆದಿದ್ದ ಹುಡುಗರೇ ಹದಿಹರೆಯದಲ್ಲಿ ಷುಗರ್‌ಗೆ ಪ್ಯಾಚ್ ಕಳಿಸತೊಡಗಿದರು.

ಪೆರು ದೇಶ ಇನ್ನೂ ಹೆಚ್ಚು ಯಂತ್ರಗಳನ್ನು ಕೊಂಡಿತ್ತು. ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅಲ್ಲಿನ ಮಕ್ಕಳ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಎರಡೂ ದೇಶಗಳ ಯಂತ್ರ ಒಂದೇ, ತಂತ್ರಾಂಶವೂ ಒಂದೇ. ಅಂಕಗಳ ಮಾತು ಹಾಗಿರಲಿ. ಯಂತ್ರದ ಸುತ್ತ ಕೂತು ಕೆಲಸ ಮಾಡುವ ದೊಡ್ಡವರ ಗುಂಪು ಇದ್ದ ಕಡೆ ಮಾತ್ರ ಅದರಿಂದ ಹೊಸ ತಂತ್ರಾಂಶ ಹುಟ್ಟಿತು.

ಭಾರತದಲ್ಲಿ ಈ ಲ್ಯಾಪ್‌ಟಾಪಿನ ಕಥೆ ಚಿಕ್ಕದು. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಬೇಡವೆಂದಿತು. ಮಹಾರಾಷ್ಟ್ರದ ಕರ್ಜತ್ ಬಳಿಯ ಖೈರಾಟ್ ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ 2007ರಲ್ಲಿ ನಡೆದ ಸಣ್ಣ ಪ್ರಯೋಗ ಹೆಸರು ಮಾಡಿತಾದರೂ ಅಲ್ಲಿಂದ ದೊಡ್ಡ ಯೋಜನೆಯೇನೂ ಬೆಳೆಯಲಿಲ್ಲ. ಷುಗರ್‌ಗೆ ಭಾರತ ಕೊಟ್ಟದ್ದು ಬಳಸುವ ಮಕ್ಕಳನ್ನಲ್ಲ, ಕೋಡ್ ಬರೆಯುವ ಕಾಲೇಜು ಹುಡುಗ-ಹುಡುಗಿಯರನ್ನು. ತಾವು ಎಂದೂ ಕಣ್ಣಾರೆ ಕಾಣದ ಯಂತ್ರಕ್ಕೆ, ಎಂದೂ ನೋಡದ ದೇಶದ ಮಕ್ಕಳಿಗೆ ಅವರು ಆಟ ಬರೆದರು.

ಹದಿಹರೆಯದವರನ್ನು ಮುಕ್ತ ಯೋಜನೆಗಳಿಗೆ ಕರೆತರುವ ಮೊದಲ ಸಂಘಟಿತ ಪ್ರಯತ್ನವನ್ನೂ ಗೂಗಲ್ ಮಾಡಿತು. 2007-08ರ ಪ್ರಾಯೋಗಿಕ ಸ್ಪರ್ಧೆಯಲ್ಲಿ ಮೂಡಲ್ ಸೇರಿ ಹತ್ತು ಯೋಜನೆಗಳಿದ್ದವು. 2010ರಿಂದ ಅದು ‘ಕೋಡ್-ಇನ್’ ಎಂಬ ಹೆಸರಿನಲ್ಲಿ ಪ್ರತಿ ವರ್ಷ ನಡೆಯಿತು. 13ರಿಂದ 17 ವರ್ಷದವರು ಪಾಲ್ಗೊಳ್ಳಬಹುದಿತ್ತು. ದೊಡ್ಡ ಯೋಜನೆಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಚೂರು ಕೆಲಸಗಳು: ಒಂದು ಬಟನ್ನಿನ ದೋಷ ಸರಿಪಡಿಸು, ಒಂದು ಆಟದ ಬಳಕೆಯ ಸೂಚನೆ ಬರೆ, ಒಂದು ಚಿಹ್ನೆಯನ್ನು ಮತ್ತೆ ಬಿಡಿಸು, ಒಂದು ಆವೃತ್ತಿಯನ್ನು ಹಳೆಯ ಯಂತ್ರದಲ್ಲಿ ಓಡಿಸಿ ಏನಾಯಿತೆಂದು ತಿಳಿಸು. ವಿದ್ಯಾರ್ಥಿ ಒಂದು ಕೆಲಸವನ್ನು ತನ್ನ ಹೆಸರಿಗೆ ಹಾಕಿಕೊಂಡ ತಕ್ಷಣ ಗಡಿಯಾರ ಓಡತೊಡಗುತ್ತಿತ್ತು. ಒಪ್ಪಿಸಿದ ಮೇಲೆ ಮೆಂಟರಿಗೂ ಗಡುವು. ಸ್ಪರ್ಧೆ ಹೆಚ್ಚಿನ ವರ್ಷಗಳಲ್ಲಿ ನಡೆಯುತ್ತಿದ್ದದ್ದು ನವೆಂಬರ್ ಕೊನೆಯಿಂದ ಜನವರಿಯವರೆಗೆ. ಅಂದರೆ ಕ್ರಿಸ್ಮಸ್ ದಿನವೂ ಹೊಸ ವರ್ಷದ ರಾತ್ರಿಯೂ ಪ್ಯಾಚುಗಳು ಬರುತ್ತಲೇ ಇರುತ್ತಿದ್ದವು. ಹದಿನಾಲ್ಕರ ಹುಡುಗನಿಗೆ ರಜೆಯಲ್ಲಿ ಹೊತ್ತು ಹೋಗದು. ನಲವತ್ತರ ಮೆಂಟರಿಗೆ ಮನೆ ತುಂಬ ನೆಂಟರು.

ಷುಗರ್ ಲ್ಯಾಬ್ಸ್ 2012ರಿಂದ ಕೋಡ್-ಇನ್ ಸೇರಿತು. ಮಕ್ಕಳ ತಂತ್ರಾಂಶವನ್ನು ಮಕ್ಕಳೇ ತಿದ್ದುವ ಆಸೆ ಒಂದಿಷ್ಟಾದರೂ ಕೈಗೂಡಿದ್ದು ಆಗ. ಅದರ ಜೊತೆಗೇ ಚೂರು ಕೆಲಸದ ದೋಷವೂ ಹೊರಬಿತ್ತು. ಎಣಿಕೆಗೆ ಬಹುಮಾನವಿದ್ದ ಕಡೆ ಮಕ್ಕಳು ಸುಲಭದವನ್ನೇ ಆರಿಸಿಕೊಳ್ಳುತ್ತಾರೆ. ಮೆಂಟರ್ ಅಂಥ ನೂರು ಕೆಲಸಗಳನ್ನು ಮೊದಲೇ ಹುಡುಕಿ, ವಿವರಿಸಿ, ಪಟ್ಟಿ ಮಾಡಿಡಬೇಕು. ಎಷ್ಟೋ ಸಲ ಆ ವಿವರಣೆ ಬರೆಯುವ ಹೊತ್ತಿನಲ್ಲಿ ಕೆಲಸವನ್ನೇ ಮುಗಿಸಿಬಿಡಬಹುದಿತ್ತು. ಹಾಗೆ ಮುಗಿಸದೆ ಬಿಟ್ಟುಕೊಡುವುದೇ ಇಲ್ಲಿ ಕಲಿಸುವವನ ಕಸುಬು. ಒಳ್ಳೆಯ ಪ್ರೋಗ್ರಾಮರುಗಳೆಲ್ಲ ಒಳ್ಳೆಯ ಮೆಂಟರುಗಳಾಗದಿರಲು ಇದೂ ಒಂದು ಕಾರಣ. ಹತ್ತು ಆವೃತ್ತಿಗಳ ಬಳಿಕ, 2020ರ ಜನವರಿಯಲ್ಲಿ ಮುಗಿದದ್ದೇ ಕೊನೆಯ ಕೋಡ್-ಇನ್ ಆಯಿತು.

ಭಾರತದಲ್ಲಿ ಈ ಪದ್ಧತಿಗೆ ತನ್ನದೇ ನೆಲೆಗಳಿದ್ದವು. ಬೆಂಗಳೂರಿನಲ್ಲಿ 2001ರಿಂದ ‘ಲಿನಕ್ಸ್ ಬ್ಯಾಂಗಲೋರ್’, 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ನಡೆದ ಸಮ್ಮೇಳನದ ಮುಂಚೂಣಿಯಲ್ಲಿದ್ದವರು ಅತುಲ್ ಚಿಟ್ನಿಸ್. ಬಳಸುವವರ ಮೇಳ ಸಾಕು, ಕೊಡುಗೆ ಕೊಡುವವರು ಬೇಕು ಎಂದು ಅವರು ಪಟ್ಟು ಹಿಡಿದರು. ಭಾಷಣಗಳ ಜೊತೆಗೆ, ಕೆಡಿಇಯಂಥ ಯೋಜನೆಗಳ ಹಿರಿಯರು ಒಂದಿಡೀ ದಿನ ಕಿರಿಯರ ಪಕ್ಕ ಕೂತು ಕೆಲಸ ಮಾಡಿಸುವ ಏರ್ಪಾಟು ಅಲ್ಲಿತ್ತು. 2011ರ ಮಾರ್ಚಿನಲ್ಲಿ ಕೆಡಿಇಯ ಮೊದಲ ಭಾರತೀಯ ಸಮ್ಮೇಳನ ನಡೆದದ್ದೂ ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ. ಪಶ್ಚಿಮ ಬಂಗಾಳದ ದುರ್ಗಾಪುರದ ಲಿನಕ್ಸ್ ಬಳಗ 2008ರಿಂದ ಪ್ರತಿ ಬೇಸಿಗೆ ಐಆರ್‌ಸಿ ಎಂಬ ಅಕ್ಷರಮಾತ್ರದ ಹರಟೆಕೋಣೆಯಲ್ಲಿ ಪುಕ್ಕಟೆ ತರಬೇತಿ ನಡೆಸಿತು. ಅಲ್ಲಿ ಕೈ ಎತ್ತುವುದೆಂದರೆ ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಟೈಪಿಸುವುದು. ಸರದಿ ಬಂದಾಗ ಕಲಿಸುವವರು ಹೆಸರು ಕರೆಯುತ್ತಾರೆ, ಆಮೇಲೆ ಪ್ರಶ್ನೆ. ಮೊದಲ ಪಾಠಗಳು ಪೈಥಾನ್ ಕುರಿತಲ್ಲ; ಮೇಲ್‌ಗೆ ಹೇಗೆ ಉತ್ತರಿಸಬೇಕು, ಪ್ರಶ್ನೆ ಕೇಳುವ ಮುನ್ನ ಏನು ಓದಿಕೊಂಡಿರಬೇಕು ಎಂಬ ನಡೆನುಡಿಯ ಪಾಠಗಳು. ದೂರದ ಮೆಂಟರಿನ ಬಿಡುವನ್ನು ಹಾಳುಮಾಡದಿರುವುದೂ ಒಂದು ವಿದ್ಯೆ ಎಂದು ಆ ಬಳಗ ಸರಿಯಾಗಿಯೇ ಕಂಡುಕೊಂಡಿತ್ತು. ಕೇರಳದ ಅಮೃತಪುರಿಯ ಕಾಲೇಜು ಕ್ಲಬ್ಬಿನಲ್ಲಿ ಇದೇ ಕೆಲಸವನ್ನು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮಾಡಿದರು, ಮತ್ತು ಆ ಕ್ಲಬ್ಬಿನಿಂದ ಸಮ್ಮರ್ ಆಫ್ ಕೋಡ್‌ಗೆ ಆಯ್ಕೆಯಾದವರು ಅನೇಕರು.

ಹೆಸರಿಗೆ ‘ಸಮ್ಮರ್’ ಆದರೂ ಅದು ಅಮೆರಿಕದ ಬೇಸಿಗೆ. ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ಆ ಅವಧಿಯ ನಡುವೆಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪರೀಕ್ಷೆಗಳು ಬೀಳುತ್ತಿದ್ದವು. ಬಾಸ್ಟನ್ನಿನ ಮೆಂಟರ್ ರಾತ್ರಿ 9ಕ್ಕೆ ಕೂತರೆ ಬೆಂಗಳೂರಿನಲ್ಲಿ ಬೆಳಗಿನ 6.30. ಹಾಸ್ಟೆಲಿನಲ್ಲಿ ಎದ್ದವರಿಗಷ್ಟೇ ಮಾತಾಡುವ ಭಾಗ್ಯ.

ಶಾಲೆಗಳ ಕಡೆ ನೋಡಿದರೆ ಕೇರಳ ಮತ್ತು ಕರ್ನಾಟಕ ಬೇರೆ ಬೇರೆ ದಾರಿ ಹಿಡಿದವು. ಕೇರಳದ ‘ಐಟಿ@ಸ್ಕೂಲ್’ 2001ರಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ಗ್ನು/ಲಿನಕ್ಸ್‌ಗೆ ಹೊರಳಿತು, ಶಾಲೆಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಿತು. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ವಿದ್ಯಾರ್ಥಿ ಕ್ಲಬ್ಬುಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳು ಸೇರಿದರು. ಕರ್ನಾಟಕದ ‘ಮಾಹಿತಿ ಸಿಂಧು’ ಸುಮಾರು 1,000 ಪ್ರೌಢಶಾಲೆಗಳ ಕಂಪ್ಯೂಟರ್ ಪಾಠವನ್ನು ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆಯ ಬೋಧಕ ಬಂದು ಪಾಠ ಹೇಳಿ ಹೋಗುತ್ತಿದ್ದ. ಗಣಿತದ ಮೇಷ್ಟ್ರಿಗೂ ಕಂಪ್ಯೂಟರ್ ಕೋಣೆಗೂ ಸಂಬಂಧ ಬೆಳೆಯಲಿಲ್ಲ. ಆ ಸಂಬಂಧ ಬೆಳೆಸುವ ಪ್ರಯತ್ನ ಆಮೇಲೆ ನಡೆಯಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆ ಸೇರಿ 2011ರ ಸುಮಾರಿಗೆ ಕಟ್ಟಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಬಳಸುವುದನ್ನು ಕಲಿತರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರಕ್ಕೆ ಕನ್ನಡದಲ್ಲಿ ಪಾಠ ಬರೆದರು. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳಿಗೂ ಕನ್ನಡದ ಧ್ವನಿ ಬಂತು.

ಬೆಂಗಳೂರಿನಲ್ಲೇ ಇನ್ನೊಂದು ಪ್ರಯೋಗ ಸದ್ದಿಲ್ಲದೆ ನಡೆಯಿತು. ಮುಕ್ತ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ತೆರೆದರು. ವಾರವೆಲ್ಲ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು ಶನಿವಾರ-ಭಾನುವಾರ ಅಲ್ಲಿನ ಮಕ್ಕಳಿಗೆ ಮುಕ್ತ ತಂತ್ರಾಂಶದಲ್ಲೇ ಚಿತ್ರ ಬಿಡಿಸುವುದನ್ನೂ ಟೈಪಿಸುವುದನ್ನೂ ಕಲಿಸಿದರು. ಇಲ್ಲಿ ಪ್ಯಾಚುಗಳಿಲ್ಲ, ಸ್ಪರ್ಧೆಯೂ ಇಲ್ಲ. ಆದರೂ ಬಿಡುವಿನ ವೇಳೆಯನ್ನು ಕಲಿಸಲು ಕೊಡುವ ಕೆಲಸದ ಇತಿಹಾಸದಲ್ಲಿ ಇದನ್ನು ಬಿಡುವಂತಿಲ್ಲ. ಒಟ್ಟಾರೆ ಕರ್ನಾಟಕದಲ್ಲಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಬೇರೆ ದೇಶದ ಮೆಂಟರುಗಳು ಸಿಕ್ಕರು, ಶಾಲಾ ಶಿಕ್ಷಕರಿಗೆ ತರಬೇತುದಾರರು ಸಿಕ್ಕರು. ಈ ಎರಡು ಗುಂಪುಗಳು ಒಂದೇ ಮೇಜಿನ ಸುತ್ತ ಕೂತದ್ದು ಮಾತ್ರ ಅಪರೂಪ. ಜಿಕಾಂಪ್ರಿಯ ಆಟವೊಂದು ಮಂಡ್ಯದ ಮೂರನೇ ತರಗತಿಗೆ ಒಗ್ಗುತ್ತದೋ ಇಲ್ಲವೋ ಎಂದು ಆ ಆಟ ಬರೆದ ಬೆಂಗಳೂರಿನ ವಿದ್ಯಾರ್ಥಿಗೆ ಹೇಳುವವರು ಇರಲಿಲ್ಲ.

ಮೆಂಟರುಗಳ ಕಡೆ ಕಾರ್ಯಕ್ರಮಗಳ ಗಮನ ಹರಿದದ್ದು ನಿಧಾನವಾಗಿ. 2006ರಿಂದ ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೊಮ್ಮೆ ಸಮ್ಮರ್ ಆಫ್ ಕೋಡ್ ಮೆಂಟರುಗಳ ಸಮಾವೇಶ ನಡೆಯತೊಡಗಿತು. ಬಂದವರೆಲ್ಲ ತಂತಮ್ಮ ದೇಶದ ಚಾಕೊಲೇಟ್ ತಂದು ಒಂದು ಮೇಜಿನ ಮೇಲೆ ರಾಶಿ ಹಾಕುವುದು ಅಲ್ಲಿನ ಸಂಪ್ರದಾಯವಾಯಿತು. 2009ರಲ್ಲಿ ಕೆಲವು ಮೆಂಟರುಗಳು ಫ್ಲಾಸ್ ಮ್ಯಾನ್ಯುಯಲ್ಸ್ ಎಂಬ ಸಂಸ್ಥೆಯೊಂದಿಗೆ ಒಟ್ಟಿಗೆ ಕೂತು ಮೆಂಟರುಗಳಿಗೊಂದು ಕೈಪಿಡಿ ಬರೆದರು. ವಿದ್ಯಾರ್ಥಿ ದಿಢೀರನೆ ಕಾಣೆಯಾದರೆ ಏನು ಮಾಡಬೇಕು, ಅರ್ಧದಾರಿಯ ಮೌಲ್ಯಮಾಪನದಲ್ಲಿ ಫೇಲು ಮಾಡುವುದು ಯಾವಾಗ ಎಂಬಂಥ ವಿಷಯಗಳು ಅಲ್ಲಿ ಬಂದವು. ಫೇಲು ಮಾಡುವುದೇ ಎಲ್ಲಕ್ಕಿಂತ ಕಷ್ಟ. ಮೆಂಟರಿನ ಒಂದು ಟಿಕ್ ಗುರುತಿನ ಮೇಲೆ ವಿದ್ಯಾರ್ಥಿಯ ಮನೆಗೆ ಹೋಗುವ ಹಣ ನಿಂತಿರುತ್ತದೆ. 2017ರಲ್ಲಿ ಸ್ಟೈಪೆಂಡನ್ನು ಆಯಾ ದೇಶದ ಕೊಳ್ಳುವ ಶಕ್ತಿಗೆ ತಕ್ಕಂತೆ ನಿಗದಿ ಮಾಡಿದ್ದರಿಂದ ಭಾರತದವರಿಗೆ ಸಿಗುವ ಮೊತ್ತ ಇಳಿಯಿತು. ಇಳಿದ ಮೇಲೂ ಅದು ಊರಿನ ಹುಡುಗನಿಗೆ ಸಣ್ಣ ಹಣವಲ್ಲ.

ಬೇಸಿಗೆ ಮುಗಿದ ಮೇಲೆ ಕೋಡ್ ಯಾರದ್ದು ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಮೂರು ತಿಂಗಳಲ್ಲಿ ಹೊಸ ಆಟ ಹುಟ್ಟುತ್ತದೆ, ವಿದ್ಯಾರ್ಥಿ ಕೆಲಸಕ್ಕೆ ಸೇರುತ್ತಾನೆ, ಆಟವನ್ನು ನೋಡಿಕೊಳ್ಳುವ ಭಾರ ಮೆಂಟರಿನ ಹೆಗಲಿಗೆ ಬೀಳುತ್ತದೆ. ಷುಗರ್‌ನ ನೂರಾರು ಚಟುವಟಿಕೆಗಳಲ್ಲಿ ಎಷ್ಟೋ ಹೀಗೆ ಅನಾಥವಾದವು. ಪೈಥಾನ್ 2ರ ಬೆಂಬಲ 2020ರ ಜನವರಿಗೆ ಮುಗಿಯಲಿದೆ ಎಂದಾಗ ಅವನ್ನೆಲ್ಲ ಪೈಥಾನ್ 3ಕ್ಕೆ ಒಗ್ಗಿಸಬೇಕಾಯಿತು. 2019ರ ಬೇಸಿಗೆಯ ಕೆಲಸದಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ಹೊಸದನ್ನು ಕಟ್ಟುವ ಕೆಲಸದಷ್ಟು ಆಕರ್ಷಕವಲ್ಲದ ಈ ದುರಸ್ತಿಯಲ್ಲಿ ವಿದ್ಯಾರ್ಥಿಗಳು ಕಲಿತದ್ದು ಕಡಿಮೆಯೇನಲ್ಲ. ಬೇರೆಯವರು ಬರೆದಿಟ್ಟು ಹೋದ ಕೋಡನ್ನು ಓದುವುದು ವೃತ್ತಿಯಲ್ಲಿ ದಿನನಿತ್ಯದ ಕೆಲಸ, ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಕೆಲಸ.

2020ರಲ್ಲಿ ಒತ್ತಡ ಬೇರೆ ರೂಪದಲ್ಲಿ ಬಂತು. ಅಕ್ಟೋಬರ್ ತಿಂಗಳಲ್ಲಿ ನಡೆಯುವ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ ನಿಗದಿತ ಸಂಖ್ಯೆಯ ಪ್ಯಾಚ್ ಕಳಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. ಆ ವರ್ಷ ಒಂದು ಪದ ಸೇರಿಸಿ, ಒಂದು ಪೂರ್ಣವಿರಾಮ ಬದಲಿಸಿ ಕಳಿಸಿದ ಸಾವಿರಾರು ಪ್ಯಾಚುಗಳು ಯೋಜನೆಗಳ ಮೇಲೆ ಸುರಿದವು. ಅದರಲ್ಲಿ ಭಾರತದ ವಿದ್ಯಾರ್ಥಿಗಳ ಪಾಲೂ ದೊಡ್ಡದಿತ್ತು. ಸಂಘಟಕರು ಸ್ಪರ್ಧೆಯ ನಡುವೆಯೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. ಸಮ್ಮರ್ ಆಫ್ ಕೋಡ್ 2021ರಲ್ಲಿ ಕೆಲಸದ ಅವಧಿಯನ್ನು 350 ಗಂಟೆಗಳಿಂದ 175ಕ್ಕೆ ಇಳಿಸಿತು. 2022ರಿಂದ ದೊಡ್ಡ ಅವಧಿಯನ್ನೂ ಮರಳಿ ತಂದು, ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಬಾಗಿಲು ತೆರೆಯಿತು. ಈಗಿನ ತಲೆನೋವು ಕೃತಕ ಬುದ್ಧಿಮತ್ತೆ ಬರೆದುಕೊಡುವ ಅರ್ಜಿ ಮತ್ತು ಪ್ಯಾಚುಗಳದ್ದು. ಬರೆಯಲು ಒಂದು ನಿಮಿಷ, ಓದಿ ಅಳೆಯಲು ಒಂದು ಗಂಟೆ. ಮೊದಲೆಲ್ಲ ಕೋಡ್ ಎಡವಟ್ಟಾಗಿದ್ದರೆ ಬರೆದವನಿಗೆ ಏನು ತಿಳಿದಿಲ್ಲ ಎಂಬುದಾದರೂ ಮೆಂಟರಿಗೆ ಗೊತ್ತಾಗುತ್ತಿತ್ತು. ನಯವಾದ ಕೋಡ್ ಆ ಸುಳಿವನ್ನೂ ಅಳಿಸಿಹಾಕಿತು.

ಷುಗರ್ ಲ್ಯಾಬ್ಸ್‌ನಲ್ಲಿ ಈಗ ಹೆಚ್ಚಿನ ಕೆಲಸ ನಡೆಯುತ್ತಿರುವುದು ‘ಮ್ಯೂಸಿಕ್ ಬ್ಲಾಕ್ಸ್’ ಮೇಲೆ. ಲೋಗೋದ ಆಮೆಯನ್ನು ಸಂಗೀತಕ್ಕೆ ಹೊರಳಿಸಿ, ಸ್ವರ-ತಾಳಗಳನ್ನು ಬಿಲ್ಲೆಗಳಂತೆ ಜೋಡಿಸಿ ಗಣಿತ ಕಲಿಸುವ ತಂತ್ರಾಂಶವಿದು. ವಾಲ್ಟರ್ ಬೆಂಡರ್ ಮತ್ತು ಸಂಗೀತ ಶಿಕ್ಷಕ ಡೆವಿನ್ ಉಲಿಬಾರಿ ರೂಪಿಸಿದ್ದು. ಬ್ರೌಸರಿನಲ್ಲೇ ಓಡುವುದರಿಂದ ಹಸಿರು-ಬಿಳಿ ಯಂತ್ರ ಬೇಕಿಲ್ಲ. ಕೋಡ್ ಬರೆಯುವವರಲ್ಲಿ ಭಾರತದ ಕಾಲೇಜು ವಿದ್ಯಾರ್ಥಿಗಳು ಬಹಳ. ಹಿಂದಿನ ಬೇಸಿಗೆಗಳ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಮೆಂಟರುಗಳು. ಸಮ್ಮರ್ ಆಫ್ ಕೋಡ್‌ಗೆ 18 ತುಂಬಿರಬೇಕು. ಕೋಡ್-ಇನ್ ನಿಂತ ಮೇಲೆ 13ರಿಂದ 17ರ ವಯಸ್ಸಿನವರಿಗೆ ಅಷ್ಟು ದೊಡ್ಡ ಕಾರ್ಯಕ್ರಮ ಮತ್ತೆ ಬಂದಿಲ್ಲ. ಆ ವಯಸ್ಸಿನವರು ಪ್ಯಾಚ್ ಕಳಿಸಿದರೆ, 2000ದಲ್ಲಿ ಆಗುತ್ತಿದ್ದಂತೆಯೇ, ಯಾರಾದರೊಬ್ಬರು ಬಿಡುವು ಮಾಡಿಕೊಂಡು ಓದಿ ಉತ್ತರಿಸಬೇಕು.